ಮೇಲೊಂದು ಜ್ವರ, ಕೆಳಗೊಂದು ಜ್ವರ

"ಇದೂ ಒಂಥರಾ ಫ್ಲೂನೇ ಕಣಜ್ಜಿ. ಹೆಸರು ಹೊಸದು, ಅಷ್ಟೇ. ಸುಮ್ನೆ ಜನಾನ ಹೆದರಿಸ್ತಾರೆ," ಅಂದ ಮೇಸ್ತ್ರಿಯ ಭಾಮೈದ, ಚಹಾದ ಲೋಟಕ್ಕೆ ಬಿಸ್ಕತ್ತು ಅದ್ದುತ್ತ.

ಹುಲ್ಲಜ್ಜಿಯ ಕೈ ಅಲ್ಲೇ ನಿಂತಿತು. ಮೇಸ್ತ್ರಿಯ ಗಾಜಿನ ಕಾರ್ಖಾನೆಯಲ್ಲಿ ತಯಾರಾದ ಲೋಟ, ಹೂದಾನಿ, ದೀಪದ ಬುರುಡೆಗಳನ್ನೆಲ್ಲ ಒಣಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವುದು ಅವಳ ಕೆಲಸ. ಅವಳ ಕೂದಲಲ್ಲಿ, ತೋಳಿನಲ್ಲಿ, ಕೆಲವು ಸಲ ಮಾತಿನ ನಡುವೆ ತುಟಿಯಂಚಿನಲ್ಲೂ ಒಂದೆಳೆ ಹುಲ್ಲು ಇರುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಅವಳಿಗೂ ಅದರ ಬಗ್ಗೆ ಬೇಸರವಿರಲಿಲ್ಲ.

"ಬರೀ ಫ್ಲೂ ಅಂತ ನನ್ನ ಮುಂದೆ ಅನ್ಬೇಡ," ಅಂದಳು. "ನಮ್ಮ ಯಜಮಾನ್ರು ಹೋಗಿದ್ದು ನಿನ್ನ ಆ ಬರೀ ಫ್ಲೂನಲ್ಲೇ. ಕುಲುಮೆ ಮುಂದೆ ನಿಂತ್ರೆ ಕುಲುಮೇನೇ ಬೆವರಬೇಕು, ಅಂಥಾ ಆಳು. ಒಂದು ಭಾನುವಾರ ನೆಗಡಿ ಅಂದ್ರು. ಮುಂದಿನ ಭಾನುವಾರ ಅವರ ಅಂಗಿ ಮಡಚಿ ಪೆಟ್ಟಿಗೆಗೆ ಹಾಕ್ದೆ."

"ಅಲ್ಲಜ್ಜಿ, ನಾನು ಹೇಳಿದ್ದು..."

"ನೀನು ಹೇಳಿದ್ದು ಕೇಳಿಸ್ತು ಕಣೋ. ಹೊಸದನ್ನ ಸಣ್ಣದು ಮಾಡೋಕೆ ಹೋಗಿ ಹಳೇದನ್ನೂ ಸಣ್ಣದು ಮಾಡ್ದೆ."

ಆಗ ಹಿಂದಿನ ಮರದ ಮೆಟ್ಟಿಲ ತುದಿಯಿಂದ ಒಂದು ಹೆಣ್ಣುದನಿ ಕೂಗಿತು: "ಅಜ್ಜೀ, ಅವನ ತಲೆಗೆ ಇನ್ನೊಂದು ಮೊಟಕಿ! ನನ್ನ ಪರವಾಗಿ!"

ಕೂಗಿದ ಹಿಂದೆಯೇ ಕೆಮ್ಮು ಬಂತು. ಮೂವರೂ ತಲೆಯೆತ್ತಿ ಚಾವಣಿ ನೋಡಿದರು. ಕೆಮ್ಮು ನಿಂತಮೇಲೆ ಇಬ್ಬರು ತಲೆ ತಗ್ಗಿಸಿದರು. ಮೇಸ್ತ್ರಿ ಮಾತ್ರ ತಗ್ಗಿಸಲಿಲ್ಲ.

ಮೇಲಿದ್ದವಳು ಅವನ ಹೆಂಡತಿ. ಭಾಮೈದನಿಗೆ ಒಡಹುಟ್ಟಿದ ಅಕ್ಕ. ಕಾರ್ಖಾನೆಗೆ ಬಂದುಹೋಗುವ ಗಿರಾಕಿ, ಸಾಲದ್ದಕ್ಕೆ ಬೀದಿ ಮಕ್ಕಳು, ಎಲ್ಲರಿಗೂ ಅಕ್ಕ. ಬಂದರಿನ ಊರಿನಲ್ಲಿ ಅವಳ ದೊಡ್ಡಕ್ಕನ ಮಗಳಿಗೆ ಹೆರಿಗೆಯಾಗಿತ್ತು, ನೋಡಿಕೊಂಡು ಬರಲು ಹೋಗಿದ್ದಳು. ಆ ಊರಿಗೆ ಹಡಗಿನಲ್ಲಿ ಹೊಸದೊಂದು ವೈರಸ್ ಬಂದಿಳಿದಿದೆಯೆಂಬ ಸುದ್ದಿ ಬಂದದ್ದು ಅವಳು ವಾಪಸು ಬಸ್ಸು ಹತ್ತಿದ ಮೇಲೆ. ಮನೆಗೆ ಬಂದವಳು ಹೊಸ್ತಿಲಲ್ಲೇ ಗಂಡನನ್ನು ತಡೆದು, "ಹತ್ತಿರ ಬರಬೇಡಿ, ಪಕ್ಕದ ಸೀಟಿನವನು ದಾರಿಯುದ್ದಕ್ಕೂ ಕೆಮ್ಮಿದ್ದಾನೆ," ಎಂದು ನೇರ ಮಹಡಿ ಹತ್ತಿದ್ದಳು. ಚೀಲವನ್ನು ತಮ್ಮನೇ ಹೊತ್ತು ಮೇಲಿಟ್ಟು ಬಂದಿದ್ದ. ಆಮೇಲೆ ಜ್ವರ ಬಂತು, ಪರೀಕ್ಷೆಯಾಯಿತು, ಹೊಸದೇ ಅಂತ ಗೊತ್ತಾಯಿತು. ಬೀದಿ ಮೂಲೆಯ ಕ್ಲಿನಿಕ್ಕಿನ ಡಾಕ್ಟರಮ್ಮ, "ಉಸಿರು ಸರಾಗವಾಗಿರೋವರೆಗೆ ಮನೆಯಲ್ಲೇ ಇರಲಿ, ಆದ್ರೆ ಆ ಮಹಡಿಗೆ ಯಾರೂ ಹೋಗಕೂಡದು," ಅಂದಿದ್ದರು. ಊಟವನ್ನು ಹುಲ್ಲಜ್ಜಿ ಮೆಟ್ಟಿಲ ನಡುವೆ ಇಟ್ಟು ತಟ್ಟೆ ಬಡಿದು ಬರುತ್ತಿದ್ದಳು.

"ಅಜ್ಜಿ," ಅಂದ ಮೇಸ್ತ್ರಿ ಮೆಲ್ಲಗೆ, ಭಾಮೈದ ಗಾಜಿನ ಅಂಚು ಅರೆಯುವ ಚಕ್ರದ ಕಡೆ ಹೋದಮೇಲೆ. "ನಿಮ್ಮವರಿಗೆ ಉಸಿರಿನ ತೊಂದರೆ ಯಾವಾಗ ಶುರುವಾಯ್ತು?"

ಹುಲ್ಲಜ್ಜಿ ಅವನ ಮುಖ ನೋಡಿದಳು. ಅವನು ಮೀಸೆ ಮೂಡದ ವಯಸ್ಸಿನಲ್ಲಿ ಅವನಪ್ಪನ ಹಿಂದೆ ಈ ಕಾರ್ಖಾನೆಗೆ ಬಂದದ್ದನ್ನು ನೋಡಿದವಳು ಅವಳು.

"ಅದು ಬೇರೆ ಕಾಲ ಕಣಪ್ಪ. ಡಾಕ್ಟರ ಹತ್ತಿರ ಹೋಗಿ ಅಂದ್ರೆ ಅವರು ನನ್ನನ್ನೇ ಹೋಗು ಅಂತಿದ್ರು. ನಿನ್ನ ಹೆಂಡತಿ ಉಸಿರು ಎಂಥದು ಅಂತ ನಿನಗಿಂತ ಯಾರಿಗೆ ಗೊತ್ತು?"

ಅದು ನಿಜವೇ. ಅವಳ ಉಸಿರು ಅವನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಾರದು. ಗಾಜು ಊದುವ ಕೆಲಸದಲ್ಲಿ ಎರಡು ಉಸಿರು ಬೇಕು. ಕಬ್ಬಿಣದ ಉದ್ದ ಕೊಳವೆಯ ತುದಿಗೆ ಕುಲುಮೆಯಿಂದ ಕರಗಿದ ಗಾಜಿನ ಮುದ್ದೆ ಎತ್ತಿ, ಉಕ್ಕಿನ ಹಲಗೆಯ ಮೇಲೆ ಉರುಳಿಸಿ, ಮೊದಲ ಉಸಿರು ಕೊಡಬೇಕು. ಅದು ಚಿಕ್ಕದಾಗಿರಬೇಕು, ಮಗುವಿನ ಕಣ್ಣಿಗೆ ಬಿದ್ದ ಕಸ ಊದುವಷ್ಟು. ಆ ಉಸಿರಿನಲ್ಲಿ ಮುದ್ದೆಯ ನಟ್ಟನಡುವೆ ಒಂದು ಗುಳ್ಳೆ ಕೂರುತ್ತದೆ. ನಡುವಿನಲ್ಲಿ ಕೂತರೆ ಮುಂದಿನದೆಲ್ಲ ಸುಸೂತ್ರ. ಓರೆಯಾಗಿ ಕೂತರೆ ಎಂಥ ಬುದ್ಧಿವಂತನೂ ಅದನ್ನು ನೆಟ್ಟಗೆ ಮಾಡಲಾರ. ಮೇಸ್ತ್ರಿಯ ಉಸಿರು ದೊಡ್ಡದು, ಅವಸರದ್ದು. ಆ ಮೊದಲ ಗುಳ್ಳೆ ಅವನಿಗೆ ಎಂದೂ ಬಗ್ಗಲಿಲ್ಲ. ಅವನನ್ನು ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಸುಮ್ಮನೆ ನೋಡುತ್ತ ನಿಂತವಳು, "ಕೊಡ್ರೀ ಇಲ್ಲಿ, ಒಂದ್ಸಲ ನೋಡ್ತೀನಿ," ಅಂದಳಂತೆ. ಅಂದಿನಿಂದ ಮೊದಲ ಉಸಿರು ಅವಳದು, ಉಳಿದದ್ದು ಅವನದು. ಅವಳು ಊದಿ ಎಡಗಡೆ ಕೊಟ್ಟರೆ ಅವನು ತನ್ನ ಬಲಗಡೆಯಿಂದ ತೆಗೆದುಕೊಂಡು ನೇರ ಬಾಯಿಗಿಡುತ್ತಿದ್ದ. ಕೊಳವೆಯ ಹಿತ್ತಾಳೆ ತುದಿ ಅವಳ ತುಟಿಯಿಂದ ಇನ್ನೂ ತೇವವಾಗಿರುತ್ತಿತ್ತು.

"ನಾಲ್ಕು ಜನರ ಎದುರಿಗೇ ದಿನಾ ಮುತ್ತು ಕೊಟ್ಕೋತೀರಲ್ಲ, ನಾಚಿಕೆ ಇಲ್ವಾ?" ಎಂದು ಭಾಮೈದ ರೇಗಿಸುವುದಿತ್ತು. ಮೇಸ್ತ್ರಿ ಕೇಳಿಸದವನಂತೆ ಇರುತ್ತಿದ್ದ. ಅವಳು ಮಾತ್ರ, "ನಿನ್ನ ಹೆಂಡತಿಗೆ ಹೇಳ್ಲಾ, ನಿನಗೆ ಆಸೆಯಾಗಿದೆ ಅಂತ?" ಅನ್ನುತ್ತಿದ್ದಳು.

ಈಗ ಪ್ರತಿಯೊಬ್ಬರಿಗೂ ಬೇರೆ ಕೊಳವೆ. ಒಂದಕ್ಕೆ ಕೆಂಪು ಟೇಪು, ಒಂದಕ್ಕೆ ನೀಲಿ. ಶುರುಮಾಡಿದವರೇ ಮುಗಿಸಬೇಕು, ಕೊಳವೆ ಕೈ ಬದಲಾದರೆ ಬಾಯಿಗಿಡುವ ಹಿತ್ತಾಳೆ ತುದಿ ಬಿಚ್ಚಿ ಬೇರೆಯದು ಹಾಕಬೇಕು. ನಿಯಮ ಮಾಡಿ ಮೆಟ್ಟಿಲ ಮೇಲಿಂದ ಕೂಗಿ ಹೇಳಿದವಳು ಹೆಂಡತಿಯೇ. ಹುಲ್ಲಜ್ಜಿ ಎಲ್ಲರಿಗೂ ಬಟ್ಟೆಯ ಮಾಸ್ಕ್ ಹೊಲಿದುಕೊಟ್ಟಿದ್ದಳು. ಊದುವಾಗ ಅದು ಗದ್ದಕ್ಕಿಳಿದರೆ, "ಗಡ್ಡಕ್ಕೆ ಚಡ್ಡಿ ಹಾಕಿದಂಗಿದೆ," ಅಂತ ಅಜ್ಜಿಯೇ ನಗುತ್ತಿದ್ದಳು.

ಆ ಸಂಜೆ ಕೆಲಸ ಮುಗಿದಮೇಲೆ ಮೇಸ್ತ್ರಿ ಎಂದಿನಂತೆ ಮೆಟ್ಟಿಲ ಬುಡದಲ್ಲಿ ಕೂತ. ಹೆಂಡತಿ ಮೇಲಿನ ತುದಿಯಲ್ಲಿ, ಬಾಗಿಲ ಚೌಕಟ್ಟಿಗೆ ಒರಗಿ, ಮೂಗು ಬಾಯಿ ಮುಚ್ಚಿಕೊಂಡು ಕೂತಳು. ನಡುವೆ ಕಡಿದಾದ ಮೆಟ್ಟಿಲು. ಹಿಂದೆ ಕುಲುಮೆ ಭೋರೆನ್ನುತ್ತಿತ್ತು, ಆದ್ದರಿಂದ ಇಬ್ಬರೂ ಜಗಳಾಡುವವರ ಹಾಗೆ ಕೂಗಿ ಮಾತಾಡಬೇಕಿತ್ತು.

"ಹೋದ ಚಳಿಗಾಲದಲ್ಲಿ ನನಗೆ ಫ್ಲೂ ಬಂದಾಗ ನೀನು ಪಕ್ಕದಲ್ಲೇ ಕೂತಿದ್ಯಲ್ಲ!" ಅಂದ ಅವನು.

"ಕೂತಿದ್ದೆ."

"ಪಕ್ಕದಲ್ಲೇ ಮಲಗ್ತಿದ್ದೆ ನೀನು. ಬೇಡ ಅಂದ್ರೂ ಕೇಳಲಿಲ್ಲ. ನನಗೆ ಮಾತ್ರ ಯಾಕೆ ಬೇರೆ ಕಾನೂನು?"

"ಆಗ ನಾನು ಸೂಜಿ ಚುಚ್ಚಿಸ್ಕೊಂಡಿದ್ದೆ. ಫ್ಲೂಗೆ ವರ್ಷ ವರ್ಷ ಕೊಡ್ತಾರಲ್ಲ, ಆ ಸೂಜಿ. ನೀವು ಹೆದರಿ ಓಡಿಹೋಗಿದ್ರಿ, ಈ ವರ್ಷಾನೂ ಓಡಿಹೋದ್ರಿ, ಅದು ಬೇರೆ ಮಾತು. ಈ ಹೊಸದಕ್ಕೆ ಸೂಜಿ ಎಲ್ಲಿದೆ? ಔಷಧಿ ಎಲ್ಲಿದೆ?"

"ನಿನ್ನ ತಮ್ಮ ಫೋನಿನಲ್ಲಿ ಓದಿ ಹೇಳ್ದ. ಇದರಲ್ಲಿ ಸತ್ತವರಿಗಿಂತ ಫ್ಲೂನಲ್ಲಿ ಸತ್ತವರೇ ಜಾಸ್ತಿಯಂತೆ."

"ಅವನು ಓದೋದು ಅರ್ಧ, ಹೇಳೋದು ಒಂದೂವರೆ. ಫ್ಲೂ ಯಾವ ಕಾಲದಿಂದ ಪ್ರಪಂಚ ಸುತ್ತುತ್ತಾ ಇದೆ, ಇದು ಮೊನ್ನೆ ಹಡಗಿಂದ ಇಳಿದಿದೆ. ನಿಮ್ಮಪ್ಪನ ಕಾಲದ ಅಂಗಡೀನೂ ಮೊನ್ನೆ ತೆಗೆದ ಅಂಗಡೀನೂ ಒಂದೇ ದಿನದ ವ್ಯಾಪಾರದಲ್ಲಿ ಹೋಲಿಸ್ತಾರೇನ್ರೀ? ಡಾಕ್ಟರಮ್ಮ ಹೇಳಿದ್ರು, ಫ್ಲೂ ಬಂದ್ರೆ ಮೈ ಒಳಗೆ ಅದರ ದಾಯಾದಿಗಳನ್ನ ಯಾವಾಗಲೋ ನೋಡಿದ ನೆನಪಿರುತ್ತಂತೆ. ಇದರ ಗುರುತು ಯಾರ ಮೈಗೂ ಇಲ್ಲ. ಯಾರನ್ನ ಬಿಡುತ್ತೆ, ಯಾರನ್ನ ಹಿಡಿಯುತ್ತೆ, ಅವರಿಗೂ ಇನ್ನೂ ಗೊತ್ತಿಲ್ಲ."

"ಅದಕ್ಕೇ ಹೇಳ್ತಿರೋದು, ನೀನೊಬ್ಬಳೇ ಅಲ್ಲಿ..."

ಅವಳಿಗೆ ಅದು ಕೇಳಿಸಿತೋ ಕುಲುಮೆಯ ಸದ್ದಿನಲ್ಲಿ ಮುಳುಗಿತೋ. ಅವಳು ಎದ್ದು, "ನೀವು ಊಟ ಮಾಡಿ, ಅನ್ನ ಆರ್ತಾ ಇದೆ," ಎಂದು ಒಳಗೆ ಹೋದಳು. ಅವಳು ನಡೆದಾಗ ನೆಲದ ಹಲಗೆ ಕಿರುಗುಟ್ಟುವುದು ಅವನಿಗೆ ಗೊತ್ತಿತ್ತು. ಅದು ಎಲ್ಲಿ ಕಿರುಗುಟ್ಟಿದರೆ ಕಿಟಕಿ, ಎಲ್ಲಿ ಕಿರುಗುಟ್ಟಿದರೆ ಮಂಚ ಅಂತ ಈಚೆಗೆ ಅವನು ಕಲಿತಿದ್ದ.

ಪೇಟೆಯ ನಾಟಕಶಾಲೆಯವರು ದೊಡ್ಡ ಗುಂಡು ದೀಪಗಳನ್ನು ಮಾಡಲು ಹೇಳಿದ್ದರು, ಹೆಂಡತಿ ಊರಿಗೆ ಹೋಗುವ ಮುಂಚೆಯೇ ಒಪ್ಪಿಕೊಂಡ ಕೆಲಸ. ಮೇಸ್ತ್ರಿ ತಾನೊಬ್ಬನೇ ಊದಿ ನೋಡಿದ. ಒಂದು ಓರೆಯಾಯಿತು, ಇನ್ನೊಂದು ಒಂದು ಕಡೆ ಸಿಪ್ಪೆಯಷ್ಟು ತೆಳುವಾಗಿ ಒಡೆಯಿತು, ಮೂರನೆಯದು ನೋಡಲು ಎಷ್ಟು ಕೆಟ್ಟದಾಗಿತ್ತೆಂದರೆ ಹುಲ್ಲಜ್ಜಿ, "ಇದು ದೀಪಾನೋ ಕುಂಬಳಕಾಯೋ?" ಅಂದಳು.

"ಮೊದಲ ಉಸಿರು ನಾನು ಕೊಡ್ತೀನಿ ಭಾವ," ಅಂದ ಭಾಮೈದ. "ಅಕ್ಕನಷ್ಟು ಚೆನ್ನಾಗಿ ಬರಲ್ಲ, ಆದ್ರೆ ನಿಮ್ಮಷ್ಟು ಕೆಟ್ಟದಾಗೂ ಬರಲ್ಲ."

"ಹಿತ್ತಾಳೆ ತುದಿ ಬದಲಾಯಿಸೋದು ಮರೀಬೇಡ."

"ಮರೀತೀನಾ? ಮೇಲಿಂದ ಅಕ್ಕ ನೀರು ಸುರೀತಾಳೆ."

ಮರೆಯುತ್ತಿರಲಿಲ್ಲ ಅಂತಲೇ ಹೇಳಬೇಕು, ಬಿಸಿ ಗಾಜು ಸಮಯ ಕೊಟ್ಟಿದ್ದರೆ. ಭಾಮೈದ ಮುದ್ದೆ ಎತ್ತಿದ, ಉರುಳಿಸಿದ, ಊದಿದ. ಗುಳ್ಳೆ ಸರಿಯಾಗಿ ನಡುವೆ ಕೂತಿತು. ಅಕ್ಕ ತಮ್ಮ ಒಂದೇ ತಾಯಿಯ ಮಕ್ಕಳು ಅನ್ನುವುದು ಅದರಲ್ಲಿ ಕಾಣಿಸಿತು. ಅದನ್ನು ಕಂಡು ಅವನಿಗೆ ಎಷ್ಟು ಖುಷಿಯಾಯಿತೆಂದರೆ ಒಂದು ಗಳಿಗೆ ಸುಮ್ಮನೆ ನೋಡುತ್ತ ನಿಂತುಬಿಟ್ಟ. ಅಷ್ಟರಲ್ಲಿ ಭಾರದ ಮುದ್ದೆ ಜೋಲತೊಡಗಿತು. "ಭಾವ! ತಗೊಳ್ಳಿ, ತಗೊಳ್ಳಿ!" ಎಂದು ಎಡಗಡೆಗೆ ಚಾಚಿದ. ಎಡಗಡೆ ನಿಂತಿದ್ದ ಮೇಸ್ತ್ರಿಯ ಕೈ ಬಂತು. ಆ ಕೈ ಎಷ್ಟೋ ವರ್ಷಗಳಿಂದ ಆ ಕಡೆಯಿಂದ ಬರುವ ಕೊಳವೆಯನ್ನು ಹಿಡಿದು ಬಾಯಿಗಿಟ್ಟಿದೆಯೇ ಹೊರತು ಬೇರೇನೂ ಮಾಡಿಲ್ಲ. ತಿರುಗಿಸುತ್ತ, ತಿರುಗಿಸುತ್ತ, ತನ್ನ ದೊಡ್ಡ ಉಸಿರನ್ನೆಲ್ಲ ಸುರಿದ. ಗಾಜು ಹಿಗ್ಗಿತು, ದುಂಡಗಾಯಿತು, ಕಿತ್ತಳೆ ಬಣ್ಣದಿಂದ ನಿಧಾನ ತಿಳಿಯಾಯಿತು. ಒಂದು ಕುಂದಿಲ್ಲದ ದೀಪ.

ಅದನ್ನು ಆರಲು ಗೂಡಿನೊಳಗಿಟ್ಟು ತಿರುಗಿದಾಗ ಹುಲ್ಲಜ್ಜಿ ಹಿತ್ತಾಳೆಯ ಹೊಸ ತುದಿಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಳು.

"ಏನ್ ಮಾಡಿದ್ರಿ ಇಬ್ರೂ?" ಅಂದಳು.

ಇಬ್ಬರೂ ಒಬ್ಬರ ಬಾಯಿ ಒಬ್ಬರು ನೋಡಿಕೊಂಡರು.

"ಅಕ್ಕನಿಗೆ ಹೇಳ್ಬೇಡಿ," ಅಂದ ಭಾಮೈದ.

ಮರುದಿನ ಅವನು ಕೆಲಸಕ್ಕೆ ಬರಲಿಲ್ಲ. ಜ್ವರ, ಮೈಯೆಲ್ಲ ನೋವು ಎಂದು ಅವನ ಹೆಂಡತಿ ಫೋನು ಮಾಡಿದಳು. ಅಕ್ಕನ ಚೀಲ ಹೊತ್ತವನು ಅವನೇ, ಆದ್ದರಿಂದ ಅವಳ ಕಾಯಿಲೆಯೇ ಅವನಿಗೂ ಬಂದಿರಬೇಕು ಎಂದು ಎಲ್ಲರೂ ಅಂದುಕೊಂಡರು. ಅವನಿಂದ ಕೊಳವೆಯ ಮೂಲಕ ಮೇಸ್ತ್ರಿಗೂ ಬಂದೇ ಬರುತ್ತದೆ ಅಂತಲೂ.

ಮುಚ್ಚಿಡಲಾಗಲಿಲ್ಲ. ಮೇಲಿನವಳಿಗೆ ತಮ್ಮನೇ ಫೋನಿನಲ್ಲಿ ಎಲ್ಲ ಒದರಿಬಿಟ್ಟಿದ್ದ. ಅವಳು ಮೆಟ್ಟಿಲ ತುದಿಗೆ ಬಂದು ಬೈಯಲಿಲ್ಲ. ಸುಮ್ಮನೆ ನಿಂತು ಗಂಡನನ್ನು ನೋಡಿ ಒಳಗೆ ಹೋದಳು. ಅದು ಬೈಗುಳಕ್ಕಿಂತ ಜೋರಾಗಿ ಮೇಸ್ತ್ರಿಗೆ ತಾಗಿತು.

ಅವನಿಗೂ ಜ್ವರ ಬಂತು. ಮೊದಲು ಕಾಲಿನ ಮೀನಖಂಡ ಹಿಡಿದುಕೊಂಡಿತು, ಆಮೇಲೆ ಚಳಿ. ಕುಲುಮೆ ಎದುರಿಗೆ ನಿಂತು ನಡುಗುವುದು ಎಂಥದೆಂದು ಅವನಿಗೆ ಅವತ್ತೇ ಗೊತ್ತಾದದ್ದು. ಹುಲ್ಲಜ್ಜಿ ಅವನನ್ನು ದೂರದಿಂದಲೇ ಗದರಿ ಒಳಕೋಣೆಯ ಮಂಚಕ್ಕೆ ಕಳಿಸಿದಳು. ಕುಲುಮೆಯ ಗ್ಯಾಸನ್ನು ಒಳಗೆ ಗಾಜು ಕರಗುವ ಮಣ್ಣಿನ ಮಡಕೆ ಬಿರುಕು ಬಿಡದಷ್ಟಕ್ಕೆ ಇಳಿಸಿದಳು. ಭೋರೆಂಬ ಸದ್ದು ಅಡಗಿ, ಬೆಕ್ಕು ಗುರುಗುಟ್ಟಿದಷ್ಟೇ ಉಳಿಯಿತು. ಡಾಕ್ಟರಮ್ಮನ ಕಡೆಯವರು ಬಂದು ಮೂಗಿನೊಳಗೆ ಕಡ್ಡಿ ಹಾಕಿ ತಿರುಗಿಸಿ ತೆಗೆದುಕೊಂಡು ಹೋದರು.

"ಒಂದು ಮಾತು," ಎಂದು ಮೇಸ್ತ್ರಿ ಅವರನ್ನು ಬಾಗಿಲಲ್ಲಿ ತಡೆದಿದ್ದ. "ಒಂದೇ ಮನೇಲಿ ಇಬ್ಬರಿಗೂ ಹೊಸದೇ ಬಂದಿದ್ರೆ ಇಬ್ರೂ ಬೇರೆ ಬೇರೆ ಇರಬೇಕಾ?"

"ಇಬ್ಬರಿಗೂ ಅದೇ ಆದ್ರೆ ಒಂದೇ ಕೋಣೇಲಿರಬಹುದು. ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ."

ಸುಮ್ಮನೆ ಅಲ್ಲ. ಮಧ್ಯಾಹ್ನ ಗಂಜಿ ಇಡಲು ಬಂದ ಹುಲ್ಲಜ್ಜಿ ಕಂಡದ್ದು ಏನೆಂದರೆ, ಜ್ವರದಲ್ಲಿ ಕಣ್ಣು ಕೆಂಪಾದ ಮನುಷ್ಯ ಮಂಚದ ಮೇಲೆ ಒಂದು ಚೀಲ ಹರವಿಕೊಂಡು ಕೂತಿದ್ದಾನೆ. ದಿಂಬು, ಎರಡು ಅಂಗಿ, ಟವಲು, ಗಡ್ಡ ಕೆರೆಯುವ ಬ್ಲೇಡು. ಬ್ಲೇಡಿನ ಪಕ್ಕದಲ್ಲಿ ಹೆಂಡತಿಗೆ ಇಷ್ಟವೆಂದು ತರಿಸಿಟ್ಟಿದ್ದ ಶುಂಠಿ ಪೆಪ್ಪರಮೆಂಟಿನ ಪೊಟ್ಟಣ.

"ಎಲ್ಲಿಗೆ ಸವಾರಿ?"

"ಮೇಲಕ್ಕೆ."

"ಮೇಲಕ್ಕೆ ಅಂದ್ರೆ? ಜ್ವರ ಬಂದೋರು ಹಾಗೆಲ್ಲ ಅನ್ನಬಾರದು."

"ಮಹಡಿಗೆ ಅಜ್ಜಿ. ರಿಸಲ್ಟ್ ಬರಲಿ. ಒಂದೇ ಕಾಯಿಲೆ ಆದ್ರೆ ಒಂದೇ ಕೋಣೆ."

ಹುಲ್ಲಜ್ಜಿ ಗಂಜಿಯನ್ನು ಕೆಳಗಿಟ್ಟು ದೂರ ಸರಿದು ನಿಂತಳು. "ಎಲ್ರೂ ಕಾಯಿಲೆ ಬರದೇ ಇರಲಿ ಅಂತ ಬೇಡ್ಕೋತಾರೆ. ಬಂದಿರೋದು ದೊಡ್ಡದೇ ಆಗಿರಲಿ ಅಂತ ಬೇಡ್ಕೊಳ್ಳೋನನ್ನ ಇವತ್ತೇ ನೋಡಿದ್ದು."

"ಅವಳು ನಿನ್ನೆ ಊಟ ಪೂರ್ತಿ ಮಾಡಲಿಲ್ಲ ಅಂದ್ರಿ."

"ಅರ್ಧ ಮಾಡಿದ್ಲು."

"ಇವತ್ತು?"

"ಇವತ್ತೂ ಅರ್ಧವೇ."

"ಪಕ್ಕದಲ್ಲಿ ಯಾರಾದ್ರೂ ಇದ್ರೆ ಉಳಿದರ್ಧ ತಿಂತಾಳೆ. ನನಗೆ ಗೊತ್ತು. ನಾನು ತಿನ್ನು ಅನ್ನಲ್ಲ, ನಾನೇ ಕೈ ಹಾಕ್ತೀನಿ. ಆಗ ಹೊಟ್ಟೆಕಿಚ್ಚಿಗೆ ತಿಂತಾಳೆ."

ಹುಲ್ಲಜ್ಜಿಗೆ ನಗು ಬಂತು. ನಗು ಬಂದ ಮುಖವನ್ನು ಆ ಕಡೆ ತಿರುಗಿಸಿಕೊಂಡಳು. ತಿರುಗಿದಾಗ ಅವಳ ಕಣ್ಣು ಒದ್ದೆಯಾಗಿತ್ತು. "ನಮ್ಮವರ ಪಕ್ಕದಲ್ಲಿ ನಾನು ಕೂತಿದ್ದೆ ಕಣಪ್ಪ, ಕೊನೆವರೆಗೂ. ಕೂತಿದ್ದರಿಂದ ಅವರು ಉಳೀಲಿಲ್ಲ. ಆದ್ರೆ ಕೂತಿದ್ದೆ ಅನ್ನೋದೊಂದು ನನಗೆ ಉಳೀತು. ನೀನು ಯಾಕೆ ಚೀಲ ತುಂಬ್ತಿದ್ದೀಯ ಅಂತ ನನಗೆ ಗೊತ್ತಿಲ್ಲ ಅಂದ್ಕೋಬೇಡ," ಎಂದು ಹೊರಗೆ ಹೋದಳು.

ಕುಲುಮೆ ಸಣ್ಣದಾದ ಮೇಲೆ ಮನೆಯ ಸದ್ದುಗಳೆಲ್ಲ ಹೊರಬಂದಿದ್ದವು. ಮಲಗಿದಲ್ಲಿಂದಲೇ ಅವನಿಗೆ ಮೇಲಿನ ಕೆಮ್ಮು ಕೇಳಿಸುತ್ತಿತ್ತು. ಅವಳು ನೀರು ಬಗ್ಗಿಸಿಕೊಳ್ಳುವುದು ಕೇಳಿಸುತ್ತಿತ್ತು. ಒಂದು ಸಲ ಅವಳು ಏನೋ ಗುನುಗಿ ಅರ್ಧಕ್ಕೆ ಬಿಟ್ಟದ್ದೂ ಕೇಳಿಸಿತು. ಅವಳು ಕೆಮ್ಮಿದಾಗಲೆಲ್ಲ ಅವನ ಎದೆ ತಾನೇ ಗಾಳಿ ಎಳೆದುಕೊಳ್ಳುತ್ತಿತ್ತು, ಅವಳ ಪರವಾಗಿ ಉಸಿರಾಡಿಕೊಡುವಂತೆ. ಎಳೆದುಕೊಂಡ ಗಾಳಿ ಎದೆಯೊಳಗೆ ಚುಚ್ಚುತ್ತಿತ್ತು. ಚುಚ್ಚಿದಷ್ಟೂ ಅವನಿಗೆ ಒಳಗೊಳಗೇ ಸಮಾಧಾನ: ಹೊಸದೇ ಇರಬೇಕು, ಫ್ಲೂ ಆಗಿದ್ದರೆ ಇಷ್ಟು ಎಲ್ಲಿ ಚುಚ್ಚುತ್ತದೆ.

ಸಂಜೆಯ ಬಿಸಿಲು ಅಂಗಳದ ಗಾಜಿನ ಚೂರುಗಳ ರಾಶಿಯ ಮೇಲಿದ್ದಾಗ ಡಾಕ್ಟರಮ್ಮ ತಾವೇ ಬಂದರು. ಮೈಯೆಲ್ಲ ಮುಚ್ಚಿಕೊಂಡಿದ್ದರು, ಕನ್ನಡಕ ಮಾತ್ರ ಕಾಣುತ್ತಿತ್ತು, ಅದಕ್ಕೂ ಆವಿ ಕಟ್ಟಿತ್ತು. ಮೊದಲು ಮಹಡಿ ಹತ್ತಿ ಬಹಳ ಹೊತ್ತು ಅಲ್ಲಿದ್ದು ಇಳಿದುಬಂದರು. ಮೇಸ್ತ್ರಿ ಚೀಲವನ್ನು ಕಾಲ ಹತ್ತಿರ ಇಟ್ಟುಕೊಂಡು ಮಂಚದ ಮೇಲೆ ಎದ್ದು ಕೂತಿದ್ದ.

"ಒಳ್ಳೆ ಸುದ್ದಿ," ಅಂದರು ಬಾಗಿಲಲ್ಲೇ ನಿಂತು. "ನಿಮ್ಮದು ಫ್ಲೂ. ನಿಮ್ಮ ಭಾಮೈದಂದೂ ಫ್ಲೂನೇ. ಅವರ ಮಗನ ಶಾಲೇಲಿ ಎಲ್ಲರಿಗೂ ಬಂದಿದೆ. ನಿಮ್ಮ ಮನೆಯವರ ಹೊಸ ಕಾಯಿಲೆಗೂ ಇದಕ್ಕೂ ಸಂಬಂಧವೇ ಇಲ್ಲ."

ಮೇಸ್ತ್ರಿ ತಲೆಯೆತ್ತಿ ಚಾವಣಿ ನೋಡಿದ.

"ಕೇಳಿಸ್ತಾ? ಫ್ಲೂ. ಇದಕ್ಕೆ ಮಾತ್ರೆ ಇದೆ, ಇವತ್ತೇ ಶುರು ಮಾಡಿ."

"ಇನ್ನೊಂದ್ಸಲ ನೋಡ್ತೀರಾ ಡಾಕ್ಟ್ರೇ? ತಪ್ಪಾಗಿರಬಹುದು."

ಡಾಕ್ಟರಮ್ಮ ಅವನ ಕಾಲ ಬಳಿಯ ಚೀಲ ನೋಡಿದರು. ಅದರಿಂದ ಹೊರಗಿಣುಕಿದ ದಿಂಬಿನ ಮೂಲೆ ನೋಡಿದರು. ಮೆಟ್ಟಿಲ ಬಳಿ ನಿಂತಿದ್ದ ಹುಲ್ಲಜ್ಜಿಯ ಕಡೆ ನೋಡಿದರು. ಅವಳು ತುಟಿಯಂಚಿನ ಹುಲ್ಲೆಳೆ ತೆಗೆದು ಎಸೆದಳು.

"ತಪ್ಪಾಗಿಲ್ಲ ಮೇಸ್ತ್ರಿ," ಅಂದರು, ಈಗ ದನಿ ಇಳಿಸಿ.

"ಫ್ಲೂ ತಾನೆ. ಅದು ಸಣ್ಣದು. ಆ ದೊಡ್ಡದರ ಪಕ್ಕದಲ್ಲಿ ಈ ಸಣ್ಣದು ಇದ್ರೆ ಏನಾಗುತ್ತೆ? ಮಾಸ್ಕ್ ಹಾಕ್ಕೊಂಡು ಮೂಲೇಲಿ ಕೂರ್ತೀನಿ."

"ಯಾರು ಹೇಳಿದ್ದು ಸಣ್ಣದು ಅಂತ? ಅವರ ಪುಪ್ಪುಸ ಈಗ ಒಂದರ ಜೊತೆ ಗುದ್ದಾಡ್ತಾ ಇದೆ. ನೀವು ಹೋಗಿ ಇನ್ನೊಂದನ್ನ ಕೊಟ್ರೆ ಎರಡರ ಜೊತೆ ಗುದ್ದಾಡಬೇಕು. ನಿಮಗೂ ಅಷ್ಟೇ. ವರ್ಷಾನುಗಟ್ಟಲೆ ಬಿಸಿ ಗಾಳಿ, ಧೂಳು ಕುಡಿದ ಎದೆ ನಿಮ್ಮದು. ಅವರಿಗೆ ಸೂಜಿಯಾಗಿದೆ ಅಂತ ಧೈರ್ಯ ಬೇಡ. ಸೂಜಿ ಪೂರ್ತಿ ಗೋಡೆ ಅಲ್ಲ, ಬೇಲಿ ಅಷ್ಟೆ."

"ಎರಡರಲ್ಲಿ ಯಾವುದು ಕೆಟ್ಟದ್ದು ಡಾಕ್ಟ್ರೇ? ನಿಜ ಹೇಳಿ."

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಳ್ಳಲು ಹೋಗಿ, ಕೈಗವುಸು ನೆನಪಾಗಿ ಬಿಟ್ಟರು. "ಊರಿನ ಲೆಕ್ಕದಲ್ಲಿ ಕೇಳಿದ್ರೆ ಹೊಸದೇ. ಯಾಕಂದ್ರೆ ಅದು ಎಷ್ಟು ಕೆಟ್ಟದ್ದು ಅಂತಾನೇ ನಮಗಿನ್ನೂ ಗೊತ್ತಿಲ್ಲ, ತಡೆಯೋಕೆ ಕೈಯಲ್ಲಿ ಏನೂ ಇಲ್ಲ. ನಿಮ್ಮ ಲೆಕ್ಕದಲ್ಲಿ ಕೇಳಿದ್ರೆ ಇವತ್ತು ಫ್ಲೂನೇ ಕೆಟ್ಟದ್ದು. ಯಾಕಂದ್ರೆ ಅದು ನಿಮ್ಮ ಎದೆಯೊಳಗಿದೆ."

ಹೊರಡುವಾಗ ಅವರು ಇನ್ನೊಂದು ಮಾತು ಸೇರಿಸಿದರು: "ಅವರ ಉಸಿರು ನಿನ್ನೆಗಿಂತ ವಾಸಿ. ಇನ್ನೂ ಗಟ್ಟಿಯಾಗಿ ಏನೂ ಹೇಳಲಾರೆ. ಆದ್ರೆ ವಾಸಿ."

ಚೀಲದಿಂದ ಒಂದೊಂದೇ ಸಾಮಾನು ಹೊರಗೆ ತೆಗೆದು ಮೇಸ್ತ್ರಿ ಮತ್ತೆ ಅದರ ಅದರ ಜಾಗದಲ್ಲಿಟ್ಟ. ಮಾತ್ರೆ ನುಂಗಿದ. ಕಂಬಳಿ ಹೊದ್ದುಕೊಂಡು ಗೋಡೆ ಹಿಡಿದು ನಡೆದು ಮೆಟ್ಟಿಲ ಬುಡಕ್ಕೆ ಬಂದು ಕೂತ. ಹುಲ್ಲಜ್ಜಿ ಬೈಯಲು ಬಾಯಿ ತೆರೆದವಳು ಏನೋ ಯೋಚಿಸಿ ಅಂಗಳಕ್ಕೆ ಹೋಗಿ ಗಾಜಿನ ಚೂರು ಗುಡಿಸತೊಡಗಿದಳು.

ಮೇಲೆ ಮಂಚದ ಹತ್ತಿರದ ಹಲಗೆ ಕಿರುಗುಟ್ಟಿತು. ಆಮೇಲೆ ಬಾಗಿಲ ಹತ್ತಿರದ್ದು. ಅವಳು ತುದಿಯ ಮೆಟ್ಟಿಲ ಮೇಲೆ ನಿಧಾನವಾಗಿ, ಎರಡೂ ಕೈ ಊರಿ ಕೂತಳು. ಅವಳ ಕೂದಲು ಕೆದರಿತ್ತು. ಮುಖದಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು, ಮುಂಚಿಗಿಂತ ದೊಡ್ಡದಾಗಿ. ಇವತ್ತು ಕೂಗಬೇಕಾಗಿರಲಿಲ್ಲ.

"ನಿಮಗೆ ಎಷ್ಟಿದೆ?" ಅಂದಳು.

"ನೂರಾ ಎರಡು. ನಿನಗೆ?"

"ನೂರಕ್ಕೆ ಇಳಿದಿದೆ."

"ಸುಳ್ಳು."

"ಡಾಕ್ಟರಮ್ಮನ್ನ ಕೇಳಿ ಬೇಕಾದ್ರೆ."

"ಹಾಗಾದ್ರೆ ನಂದೇ ಜೋರು."

"ಹೂಂರೀ. ಕೊನೆಗೂ ಈ ಮನೇಲಿ ಒಂದು ವಿಷಯದಲ್ಲಿ ನೀವು ಗೆದ್ರಿ."

ಅವನು ನಕ್ಕ. ನಗು ಕೆಮ್ಮಾಯಿತು. ಅವನ ಕೆಮ್ಮು ಕೇಳಿ ಅವಳಿಗೂ ಕೆಮ್ಮು ಬಂತು. ಇಬ್ಬರೂ ಸರದಿಯಲ್ಲಿ ಕೆಮ್ಮಿ ಸುಸ್ತಾದರು. ಅವಳದು ಒಣ ಕೆಮ್ಮು. ಅವನದು ಆಳದ್ದು, ಖಾಲಿ ಪೀಪಾಯಿ ಉರುಳಿಸಿದ ಹಾಗೆ.

"ಚೀಲ ಕಟ್ಟಿದ್ರಂತೆ," ಅಂದಳು.

"ಅಜ್ಜಿ ಹೇಳಿದ್ರಾ?"

"ಇನ್ಯಾರು ಹೇಳ್ತಾರೆ?"

"ನಿನ್ನದೇ ಬಂದಿರಲಿ ಅಂತಿದ್ದೆ."

ಅಂಗಳದಲ್ಲಿ ಪೊರಕೆಗೆ ಸಿಕ್ಕ ಗಾಜು ಸರಸರ ಅನ್ನುತ್ತಿತ್ತು.

"ನಿಮಗೆ ಬುದ್ಧಿ ಇದೆಯಾ?" ಅಂದಳು ಕೊನೆಗೆ. "ನನ್ನ ಜ್ವರ ನಿಮಗೆ ತಾಗದಿರಲಿ ಅಂತ ನಾನು ಇಲ್ಲಿ ಗೋಡೆ ಮುಖ ನೋಡ್ತಾ ಬಿದ್ದಿರೋದು. ನೀವು ಕೆಳಗೆ ಅದಕ್ಕೇ ಹಾತೊರೆಯೋದು."

"ಆಗಿದ್ದಿದ್ರೆ ಇಷ್ಟೊತ್ತಿಗೆ ಅಲ್ಲಿರ್ತಿದ್ದೆ."

"ಇದ್ದು?"

"ಇದ್ದು ಏನು ಮಾಡೋದು. ಇರ್ತಿದ್ದೆ, ಅಷ್ಟೇ."

ಅವಳು ಮೊಣಕಾಲ ಮೇಲೆ ಗದ್ದವಿಟ್ಟಳು. "ನಂಗೂ ಒಂದು ಆಸೆ ಬಂತು," ಅಂದಳು. "ಡಾಕ್ಟರಮ್ಮ ನಿಮ್ಮದು ಫ್ಲೂ ಅಂದಾಗ. ನಂದೂ ಫ್ಲೂನೇ ಆಗಿರಬಾರದಿತ್ತಾ ಅನ್ನಿಸ್ತು. ಅಜ್ಜಿಗೆ ಹೇಳ್ಬೇಡಿ, ಅವರಿಗೆ ನೋವಾಗುತ್ತೆ. ಆದ್ರೂ ಫ್ಲೂ ಆಗಿದ್ದಿದ್ರೆ ಈಗ ಇಬ್ರೂ ಒಂದೇ ಕಂಬಳಿಗೆ ಕಿತ್ತಾಡ್ತಾ ಇರ್ತಿದ್ವಿ."

"ನೀನೇ ಎಳ್ಕೊಳ್ಳೋದು ಪೂರ್ತಿ."

"ಎಳ್ಕೊಂಡ್ರೇನಂತೆ. ಕೊನೆಗೆ ಹೊದಿಸೋದೂ ನಾನೇ."

ಅವಳು ಉಸಿರು ಎಳೆದುಕೊಳ್ಳುವುದು, ಬಿಡುವುದು ಅವನಿಗೆ ಕೇಳಿಸುತ್ತಿತ್ತು. ಚಿಕ್ಕದು, ಆದರೆ ಒಂದೇ ಸಮ. ಅವನು ಅದನ್ನು ಕೇಳುತ್ತ ಕೂತ. ಇಷ್ಟು ದೂರದಿಂದ ಅದನ್ನು ಎಂದೂ ಕೇಳಿರಲಿಲ್ಲ.

"ಒಳಗೆ ಹೋಗಿ ಮಲಗು," ಅಂದ.

"ಮೊದಲು ನೀವು ಹೋಗಿ."

"ನಾನಿಲ್ಲಿ ಸ್ವಲ್ಪ ಕೂತಿರ್ತೀನಿ."

"ಹಾಗಾದ್ರೆ ನಾನೂ."

ಬಿಸಿಲು ಅಂಗಳದಿಂದ ಎದ್ದು ಎದುರು ಗೋಡೆ ಹತ್ತಿತು. ಅವಳ ತಲೆ ನಿಧಾನವಾಗಿ ಬಾಗಿಲ ಚೌಕಟ್ಟಿಗೆ ವಾಲಿತು, ಕಣ್ಣು ಮುಚ್ಚಿಕೊಂಡಿತು. ನಿದ್ದೆಯಲ್ಲಿ ಅವಳ ಬಲಗಾಲು ಸಡಿಲಾಗಿ, ಚಪ್ಪಲಿ ಕಳಚಿ, ಟಪ್ ಟಪ್ ಎಂದು ಮೂರು ನಾಲ್ಕು ಮೆಟ್ಟಿಲು ಉರುಳಿ, ನಡುವೆ ಎಲ್ಲೋ ಮಗುಚಿ ನಿಂತಿತು. ಅವಳಿಗೆ ಎಚ್ಚರವಾಗಲಿಲ್ಲ. ಮೇಸ್ತ್ರಿ ಕಂಬಳಿ ಸರಿಸಿ ಎದ್ದ. ಗೋಡೆ ಹಿಡಿದು ಒಂದು ಮೆಟ್ಟಿಲು ಹತ್ತಿದ, ಎರಡನೆಯದಕ್ಕೆ ಕಾಲಿಟ್ಟ. ಅಲ್ಲೇ ಸ್ವಲ್ಪ ಹೊತ್ತು ನಿಂತು, ಮತ್ತೆ ಇಳಿದುಬಂದು ತನ್ನ ಜಾಗದಲ್ಲಿ ಕೂತ.